ನಿಮಗಿದು ಗೊತ್ತೆ? ಕನ್ನಡಿಯಿಲ್ಲದ ಕ್ಯಾಮೆರಾದ ಕೋಟಿ ಬಿಂದುಗಳು

ಚಲನಚಿತ್ರದ 35 ಮಿಲಿಮೀಟರ್ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬ ಯಂತ್ರಕುಶಲಿಯು 1913ರ ಸುಮಾರಿಗೆ ರೂಪಿಸಿದ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರದ ಚೌಕಟ್ಟನ್ನೇ ಇಂದಿನ 'ಫುಲ್ ಫ್ರೇಮ್' ಕ್ಯಾಮೆರಾಗಳ ಸಂವೇದಕವು ಹೆಚ್ಚುಕಡಮೆ ಅನುಸರಿಸುತ್ತಿರುವುದು.

ಜಪಾನಿನ ಸೋನಿ ಸಂಸ್ಥೆಯು 2019ರಲ್ಲಿ ಹೊರತಂದ ಎ7ಆರ್ ನಾಲ್ಕನೆಯ ಮಾದರಿಯಲ್ಲಿ ಈ ಪುಟ್ಟ ಕ್ಷೇತ್ರದೊಳಗೆ ಆರು ಕೋಟಿಗೂ ಮಿಕ್ಕ ಪಿಕ್ಸೆಲ್‌ಗಳಿವೆ. ಹಿಂದಿನ ಬಗೆಯ ಕ್ಯಾಮೆರಾಗಳಲ್ಲಿ ಮಸೂರದ ಹಿಂದೆ ಓರೆಯಾಗಿ ನಿಲ್ಲುತ್ತಿದ್ದ ಕನ್ನಡಿಯನ್ನು ತೆಗೆದುಹಾಕಿದುದರಿಂದ ಮಸೂರದ ಪೀಠಕ್ಕೂ ಸಂವೇದಕಕ್ಕೂ ನಡುವಣ ಅಂತರವು ಕೇವಲ 18 ಮಿಲಿಮೀಟರಿಗೆ ಇಳಿದಿದೆ.

ಆದರೆ ನಿಜವಾಗಿ ಮೆಚ್ಚತಕ್ಕ ಚಾತುರ್ಯವು ಬೇರೊಂದಿದೆ. ಪ್ರತಿಯೊಂದು ಪಿಕ್ಸೆಲ್ಲೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಗ್ರಹಿಸಬಲ್ಲುದಾಗಿ, ಉಳಿದೆರಡನ್ನು ನೆರೆಯ ಪಿಕ್ಸೆಲ್‌ಗಳಿಂದ ಊಹಿಸಬೇಕಾಗುವುದು ಸಾಮಾನ್ಯ ಕ್ರಮ. ಈ ಕ್ಯಾಮೆರಾವಾದರೋ, ಕೈನಡುಕವನ್ನು ಸರಿದೂಗಿಸಲೆಂದು ಇರಿಸಿದ ಯಂತ್ರದಿಂದಲೇ ಸಂವೇದಕವನ್ನು ಒಂದು ಪಿಕ್ಸೆಲ್‌ನಷ್ಟು, ಅರ್ಧ ಪಿಕ್ಸೆಲ್‌ನಷ್ಟು ಸರಿಸುತ್ತ 16 ಚಿತ್ರಗಳನ್ನು ತೆಗೆದು, ಪ್ರತಿ ಸ್ಥಾನದಲ್ಲಿಯೂ ಮೂರು ವರ್ಣಗಳನ್ನು ನೇರವಾಗಿ ಅಳೆಯುತ್ತದೆ. ಅವನ್ನು ಗಣಕಯಂತ್ರದಲ್ಲಿ ಜೋಡಿಸಿದಾಗ ಸುಮಾರು 24 ಕೋಟಿ ಪಿಕ್ಸೆಲ್‌ಗಳ ಒಂದೇ ಚಿತ್ರ ದೊರೆಯುವುದು. ಜೀರ್ಣವಾಗುತ್ತಿರುವ ಭಿತ್ತಿಚಿತ್ರಗಳನ್ನೂ ಹಸ್ತಪ್ರತಿಗಳನ್ನೂ ಯಥಾವತ್ತಾಗಿ ದಾಖಲಿಸಬಯಸುವವರಿಗೆ ಇದಕ್ಕಿಂತ ಉಪಕಾರಕವಾದ ಸೌಲಭ್ಯ ವಿರಳವೆಂದೇ ನನ್ನ ಅಭಿಪ್ರಾಯ. ಆದರೆ ಇದಕ್ಕಾಗಿ ಕ್ಯಾಮೆರಾವು ಮುಕ್ಕಾಲಿಯ ಮೇಲೆ ಅಚಲವಾಗಿರಬೇಕು, ದೃಶ್ಯವೂ ನಿಶ್ಚಲವಾಗಿರಬೇಕು. ಗಾಳಿಗೆ ಎಲೆಯೊಂದು ಅಲುಗಿದರೂ ಆ ಭಾಗದಲ್ಲಿ ಚಿತ್ರವು ಕೆಡುತ್ತದೆ.