ಮೊಮ್ಮಗನ ಡಿಜೆ, ತಾತನ ಲೆಕ್ಕ

ನಮ್ಮ ಕಡೆ ‘ಡಿಜೆ’ ಎಂದರೆ ಗಣಪತಿ ಮೆರವಣಿಗೆಯಲ್ಲಿ ಲಾರಿಯ ಮೇಲೆ ಪೇರಿಸಿದ ಸ್ಪೀಕರುಗಳು. ಅವು ಬೀದಿಯಲ್ಲಿ ಹಾದುಹೋದರೆ ಕಿಟಕಿಯ ಗಾಜು ನಡುಗುತ್ತದೆ, ನನ್ನಂಥ ಎಪ್ಪತ್ತು ದಾಟಿದವರ ಎದೆಯೂ ನಡುಗುತ್ತದೆ. ಹಾಗಾಗಿ ಪಿಯುಸಿ ಮುಗಿಸಿದ ಮೊಮ್ಮಗ ಕಳೆದ ಬೇಸಿಗೆಯಲ್ಲಿ “ತಾತ, ನಾನು ಡಿಜೆ ಕಲೀತೀನಿ” ಎಂದಾಗ ಮೈಸೂರಿನ ನಮ್ಮ ಮನೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. ನನ್ನ ಮಗ, “ನನ್ನ ಹತ್ರ ಒಂದು ಪೈಸೆ ಕೇಳಬೇಡ” ಎಂದು ಎದ್ದು ಹೋದ. ಎರಡು ಟರ್ನ್‌ಟೇಬಲ್, ಒಂದು ಮಿಕ್ಸರ್ ಬೇಕೆಂದು ಕೇಳಿಸಿಕೊಂಡ ನನ್ನಾಕೆ, “ಮನೇಲಿ ಮಿಕ್ಸಿ ಇದೆಯಲ್ಲೋ” ಎಂದಳು.

ನನಗೆ ಗಾಬರಿಯಾದದ್ದು ಬೇರೆ ಕಾರಣಕ್ಕೆ. ಹುಡುಗ ಗೆಳೆಯನ ಅಣ್ಣನ ಹೆಸರಿನಲ್ಲಿ ಕಂತಿನ ಮೇಲೆ ಹೊಸ ಸೆಟ್ ತರುವ ಯೋಚನೆಯಲ್ಲಿದ್ದ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಇನ್ನೊಬ್ಬರ ಹೆಸರಿನಲ್ಲಿ ಮಾಡಿದ ಸಾಲ ಸ್ನೇಹವನ್ನೂ ನುಂಗಿದ್ದನ್ನು ಕೌಂಟರಿನ ಆಚೆ ಎಷ್ಟೋ ಸಲ ನೋಡಿದ್ದೇನೆ. “ಸಾಲ ಬೇಡ. ನಿನ್ನ ಆರ್.ಡಿ.ಯಲ್ಲಿ ಎಷ್ಟಿದೆ?” ಎಂದೆ. 22,000 ಇತ್ತು. “ನಾನು 18,000 ಹಾಕುತ್ತೇನೆ. ಆದರೆ ಇದೇನು ಎಂದು ಮೊದಲು ನನಗೆ ಅರ್ಥವಾಗಬೇಕು” ಎಂದು ಷರತ್ತು ಹಾಕಿದೆ. ಹದಿನೈದು ದಿನ ತಾತನಿಗೆ ಮೊಮ್ಮಗನೇ ಮೇಷ್ಟರು.

ಮೊದಲ ಪಾಠದಲ್ಲೇ ನನ್ನ ತಪ್ಪು ತಿಳುವಳಿಕೆ ಹೋಯಿತು. ಈ ಕಲೆಗೂ ಲಾರಿಗೂ ಸಂಬಂಧವಿಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯಲ್ಲಿ, ಒಂದು ವಸತಿ ಕಟ್ಟಡದ ಕೋಣೆಯಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಪಾರ್ಟಿ ಏರ್ಪಡಿಸಿದಳು. ಶಾಲೆ ಶುರುವಾಗುವ ಮುನ್ನ ಹೊಸ ಬಟ್ಟೆಗೆ ಹಣ ಹೊಂದಿಸಬೇಕಿತ್ತು. ಪ್ರವೇಶ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಹಾಡು ಹಾಕಿದವನು ಅವಳ ಅಣ್ಣ ಕೂಲ್ ಹರ್ಕ್. ಜನ ಹೆಚ್ಚು ಕುಣಿಯುವುದು ಹಾಡಿನ ನಡುವೆ ಬರೀ ತಾಳವಾದ್ಯ ನುಡಿಯುವ ಸಣ್ಣ ತುಣುಕಿಗೆ ಎಂದು ಅವನು ಗಮನಿಸಿದ್ದ. ಒಂದೇ ಹಾಡಿನ ಎರಡು ರೆಕಾರ್ಡುಗಳನ್ನು ಎರಡು ಯಂತ್ರಗಳಲ್ಲಿಟ್ಟು, ಒಂದರಲ್ಲಿ ಆ ತುಣುಕು ಮುಗಿಯುತ್ತಲೇ ಇನ್ನೊಂದರಲ್ಲಿ ಶುರು ಮಾಡುವ ಉಪಾಯವನ್ನು ಅವನು ಬೆಳೆಸಿದ. ಹಿಪ್-ಹಾಪ್ ಹುಟ್ಟಿದ್ದು ಅಲ್ಲೇ ಎನ್ನುತ್ತಾರೆ. ಎರಡು ಟರ್ನ್‌ಟೇಬಲ್ ಏಕೆ ಬೇಕೆಂದು ಆಗ ನನಗೆ ಹೊಳೆಯಿತು.

ಇನ್ನು ಯಂತ್ರದ ವಿಷಯ. ರೆಕಾರ್ಡು ಇಡುವ ತಟ್ಟೆಯನ್ನು ತಿರುಗಿಸುವ ಮುಖ್ಯ ವಿಧಾನಗಳು ಎರಡು. ಬೆಲ್ಟ್ ಡ್ರೈವ್‌ನಲ್ಲಿ ಮೋಟಾರು ಪಕ್ಕದಲ್ಲಿರುತ್ತದೆ. ಹೊಲಿಗೆ ಯಂತ್ರದಂತೆ ಪಟ್ಟಿಯೊಂದು ತಟ್ಟೆಯನ್ನು ಎಳೆಯುತ್ತದೆ. ಕೂತು ಹಾಡು ಕೇಳಲು ಇದು ಚೆನ್ನ. ಆದರೆ ಡಿಜೆ ರೆಕಾರ್ಡನ್ನು ಕೈಯಲ್ಲಿ ಹಿಡಿಯುತ್ತಾನೆ, ಹಿಂದಕ್ಕೆ ತಳ್ಳುತ್ತಾನೆ. ಆಗ ಪಟ್ಟಿ ಜಾರುತ್ತದೆ, ದಿನ ಕಳೆದಂತೆ ಸಡಿಲವಾಗುತ್ತದೆ. ಬಿಟ್ಟ ಮೇಲೆ ವೇಗ ಹಿಡಿಯಲು ಹೊತ್ತು ಬೇಕು. ಡೈರೆಕ್ಟ್ ಡ್ರೈವ್‌ನಲ್ಲಿ ಮೋಟಾರು ತಟ್ಟೆಯ ನಡುವಿನಲ್ಲೇ ಇರುವುದರಿಂದ ಕೈ ಬಿಟ್ಟ ತಕ್ಷಣ ಓಡುತ್ತದೆ. ಜಪಾನಿನ ಟೆಕ್ನಿಕ್ಸ್ ಕಂಪನಿ 1972ರಲ್ಲಿ ತಂದ ಎಸ್‌ಎಲ್-1200 ಲೋಕದ ಡಿಜೆಗಳ ಮೆಚ್ಚಿನದಾದದ್ದು ಇದರಿಂದಲೇ. ಅದು ನಮ್ಮ ಜೇಬಿಗೆ ಎಟುಕದು. ಆದರೆ ಅದೇ ರೀತಿಯ, ಕಡಿಮೆ ಬೆಲೆಯ ಬೇರೆ ಕಂಪನಿಗಳ ಯಂತ್ರಗಳಿವೆ.

ಎರಡನೆಯದು ಪಿಚ್, ಅಂದರೆ ವೇಗವನ್ನು ತುಸು ಏರಿಸಿ ಇಳಿಸುವ ಕಡ್ಡಿ. ಮಕ್ಕಳೇ, ಇಲ್ಲೊಂದು ಶೇಕಡಾ ಲೆಕ್ಕವಿದೆ. ಒಂದು ಹಾಡಿನಲ್ಲಿ ನಿಮಿಷಕ್ಕೆ 126 ಪೆಟ್ಟು, ಇನ್ನೊಂದರಲ್ಲಿ 120. ಎರಡೂ ಹೆಜ್ಜೆ ಕೂಡಿಸಿ ನಡೆಯಬೇಕಾದರೆ ಎರಡನೆಯದನ್ನು ಎಷ್ಟು ಏರಿಸಬೇಕು? ಶೇಕಡಾ 5. ಈ ಕಡ್ಡಿ ಸಾಮಾನ್ಯವಾಗಿ ಶೇಕಡಾ 8ರವರೆಗೆ ಹೋಗುತ್ತದೆ. ಪಿಚ್ ಕಡ್ಡಿಯೇ ಇಲ್ಲದ, ಸೂಟ್‌ಕೇಸಿನಂತೆ ಕಾಣುವ ಚಂದದ ಪ್ಲೇಯರುಗಳು ಈ ಕೆಲಸಕ್ಕೆ ಬಾರವು.

ಮಿಕ್ಸರ್ ಎಂದರೆ ಎರಡು ನಲ್ಲಿಗಳ ನೀರನ್ನು ಹದವಾಗಿ ಬೆರೆಸುವ ತೊಟ್ಟಿ ಇದ್ದಂತೆ. ಅದರ ನಡುವಿನ ಅಡ್ಡ ಕಡ್ಡಿ, ಕ್ರಾಸ್‌ಫೇಡರ್, ಎಡಕ್ಕೆ ಸರಿದರೆ ಒಂದು ಹಾಡು, ಬಲಕ್ಕೆ ಸರಿದರೆ ಇನ್ನೊಂದು, ನಡುವೆ ಎರಡೂ. ಮುಂದಿನ ಹಾಡನ್ನು ಸ್ಪೀಕರಿಗೆ ಬಿಡದೆ ಹೆಡ್‌ಫೋನಿನಲ್ಲಿ ಮಾತ್ರ ಕೇಳಿ ಸಿದ್ಧ ಮಾಡಿಕೊಳ್ಳುವ ಸೌಲಭ್ಯ ಇರಲೇಬೇಕು. ಅಭ್ಯಾಸವನ್ನೆಲ್ಲ ಹೆಡ್‌ಫೋನಿನಲ್ಲೇ ಮಾಡಬಹುದೆಂದು ತಿಳಿದಾಗ ನನ್ನಾಕೆಯ ಅರ್ಧ ವಿರೋಧ ಕರಗಿತು. ಅವಳ ಮಧ್ಯಾಹ್ನದ ನಿದ್ದೆಗೆ ಭಂಗವಿಲ್ಲವಲ್ಲ!

ಬೆಂಗಳೂರಿಗೆ ಹೋದೆವು. ಮೊದಲ ಅಂಗಡಿಯಲ್ಲಿ ಫಳಫಳ ಹೊಳೆಯುವ ಹೊಸ ಜೋಡಿ, 24,000 ರೂಪಾಯಿ. ಹುಡುಗನ ಕಣ್ಣು ಅರಳಿತು. ತಟ್ಟೆಯ ಕೆಳಗೆ ನೋಡಿದರೆ ಬೆಲ್ಟು. “ತಾತ, ಎರಡು ಸಿಗುತ್ತಲ್ಲ” ಎಂದು ಗೋಗರೆದ. “ಆರು ತಿಂಗಳಿಗೆ ಎರಡನ್ನೂ ಬದಲಿಸಬೇಕಾದರೆ ಅದು ಅಗ್ಗವೇನೋ?” ಎಂದೆ. ಅಂಗಡಿಯಿಂದ ಹೊರಗೆ ಬಂದವನು ಒಂದು ಗಂಟೆ ನನ್ನೊಂದಿಗೆ ಮಾತಾಡಲಿಲ್ಲ.

ಸಂಜೆ ಮತ್ತೊಬ್ಬರ ಮನೆಗೆ ಹೋದೆವು. ಮದುವೆ ಪಾರ್ಟಿಗಳಲ್ಲಿ ರೆಕಾರ್ಡು ನುಡಿಸುತ್ತಿದ್ದವರು, ಈಗ ಲ್ಯಾಪ್‌ಟಾಪಿಗೆ ಹೊರಳಿ ಹಳೆಯ ಸಾಮಾನು ಮಾರುತ್ತಿದ್ದರು. ಅವರ ಮುಂದೆಯೇ ಹುಡುಗ ಒಂದೊಂದಾಗಿ ಪರೀಕ್ಷಿಸಿದ. ತಿರುಗುವ ತಟ್ಟೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ತಡೆದು ಬಿಟ್ಟ; ಕೂಡಲೇ ವೇಗ ಹಿಡಿಯಿತು. ದೀಪದ ಬೆಳಕಿನಲ್ಲಿ ಅಂಚಿನ ಚುಕ್ಕೆಗಳ ಒಂದು ಸಾಲು ನಿಂತಂತೆ ಕಂಡಿತು. ವೇಗ ಸರಿಯಿದೆ ಎಂದರ್ಥ. ಮುಳ್ಳು ಹಿಡಿಯುವ ತೋಳು ಬುಡದಲ್ಲಿ ಅಲುಗಾಡಲಿಲ್ಲ. ಮಿಕ್ಸರಿನ ಕ್ರಾಸ್‌ಫೇಡರನ್ನು ಒಂದು ತುದಿಗೆ ತಳ್ಳಿದಾಗ ಇನ್ನೊಂದು ಕಡೆಯ ಹಾಡು ಪೂರ್ತಿ ನಿಂತಿತು, ಸರಿಸುವಾಗ ಕರಕರ ಸದ್ದಿಲ್ಲ. ತೆಗೆದುಕೊಂಡೆವು, ಆದರೆ ಒಂದೇ ಟರ್ನ್‌ಟೇಬಲ್.

ನನ್ನ ಪುಸ್ತಕದ ಲೆಕ್ಕ ಹೀಗಿದೆ: ಟರ್ನ್‌ಟೇಬಲ್ 21,000, ಮಿಕ್ಸರ್ 7,500, ಹೊಸ ಕಾರ್ಟ್ರಿಡ್ಜ್ ಮತ್ತು ಮುಳ್ಳು 4,200, ಹೆಡ್‌ಫೋನ್ 3,800, ರೆಕಾರ್ಡಿನ ಕೆಳಗೆ ಹಾಸುವ ಜಾರುಬಟ್ಟೆ ಮತ್ತು ವೈರುಗಳು 1,100. ಒಟ್ಟು 37,600. ಉಳಿದ 2,400 ಮುಂದೆ ಮುಳ್ಳು ಸವೆದಾಗ ಬೇಕಾಗುತ್ತದೆಂದು ಎತ್ತಿಟ್ಟೆವು. ಹಳೆಯ ಯಂತ್ರ ಕೊಂಡರೂ ಮುಳ್ಳು ಮಾತ್ರ ಹೊಸದೇ ಇರಲಿ. ಅದು ಎಷ್ಟು ಸವೆದಿದೆ ಎಂದು ಕಣ್ಣಿಗೆ ಕಾಣದು, ಸವೆದದ್ದು ರೆಕಾರ್ಡನ್ನೇ ಕೊರೆಯುತ್ತದೆ. ಸ್ಪೀಕರುಗಳು ಮನೆಯಲ್ಲಿದ್ದವು.

ಮೊದಲ ರಾತ್ರಿ ಹಾಡು ಪಿಸುಗುಟ್ಟಿದಂತೆ ಕೇಳಿತು, ಜೊತೆಗೆ ಗುಂಯ್ ಎಂಬ ಸದ್ದು. ಮೋಸಹೋದೆವೆಂದು ನನ್ನ ಮುಖ ಬಾಡಿತು. ತಪ್ಪು ನಮ್ಮದೇ. ಮುಳ್ಳಿನಿಂದ ಬರುವ ವಿದ್ಯುತ್ ಬಲು ಕ್ಷೀಣ. ಅದನ್ನು ಹಿಗ್ಗಿಸುವ ‘ಫೋನೊ’ ತೂತಿಗೆ ಸಿಕ್ಕಿಸಬೇಕು, ನಾವು ‘ಲೈನ್’ ತೂತಿಗೆ ಸಿಕ್ಕಿಸಿದ್ದೆವು. ಸಣ್ಣ ಅರ್ತ್ ವೈರನ್ನು ಮಿಕ್ಸರಿನ ಹಿಂದಿನ ತಿರುಪಿಗೆ ಕಟ್ಟಿರಲಿಲ್ಲ. ಎರಡನ್ನೂ ಸರಿ ಮಾಡಿದೊಡನೆ ಹಾಡು ತುಂಬಿ ಬಂತು. ‘ಲೈನ್’ ತೂತಿಗೆ ಮೊಬೈಲ್ ಜೋಡಿಸಿದೆವು. ಸದ್ಯಕ್ಕೆ ಅದೇ ಎರಡನೆಯ ಟರ್ನ್‌ಟೇಬಲ್. ಒಂದು ಕಡೆ ರೆಕಾರ್ಡು, ಇನ್ನೊಂದು ಕಡೆ ಮೊಬೈಲು; ಹೆಜ್ಜೆ ಕೂಡಿಸುವ ಅಭ್ಯಾಸಕ್ಕೆ ಇಷ್ಟು ಸಾಕು.

ಲ್ಯಾಪ್‌ಟಾಪಿಗೆ ಜೋಡಿಸುವ ಕಂಟ್ರೋಲರ್ ಇನ್ನೂ ಅಗ್ಗವಲ್ಲವೇ ಎಂದು ನೀವು ಕೇಳಬಹುದು. ನಿಜ, ಹಲವರಿಗೆ ಅದೇ ಸರಿ. ನಮ್ಮ ಹುಡುಗ ಹಟ ಹಿಡಿದದ್ದಕ್ಕೆ ಕಾರಣ ಅಟ್ಟದ ಮೇಲಿನ ನನ್ನ ಟ್ರಂಕು. ಮಗಳ ಮದುವೆಯ ಖರ್ಚಿಗೆ ನನ್ನ ರೆಕಾರ್ಡ್ ಪ್ಲೇಯರ್ ಮಾರಿದ್ದೆ. ಅರವತ್ತು ರೆಕಾರ್ಡುಗಳನ್ನು ಮಾರಲು ಮನಸ್ಸಾಗಿರಲಿಲ್ಲ. ಅವನ್ನು ಇವನು ಹಿಂದೆ ಮುಂದೆ ಉಜ್ಜಿಬಿಟ್ಟರೆ ಎಂಬ ಭಯ ನನಗೆ ಕೊನೆಯವರೆಗೂ ಇತ್ತು, ಬಾಯಿಬಿಟ್ಟು ಹೇಳಿರಲಿಲ್ಲ. ಅವನೇ ಗುಜರಿಯಿಂದ ಹತ್ತು ಹಳೆಯ ರೆಕಾರ್ಡು ತಂದು, “ಉಜ್ಜೋಕೆ ಇವು. ನಿಮ್ಮವು ಕೇಳೋಕೆ ಮಾತ್ರ, ತಾತ” ಎಂದ.

ಭಾನುವಾರ ಸಂಜೆ ನನ್ನ ರೆಕಾರ್ಡೊಂದು ತಿರುಗುತ್ತಿತ್ತು. ಪೇಪರ್ ಓದುವ ನೆಪದಲ್ಲಿ ಮಗ ಬಾಗಿಲ ಬಳಿ ಬಂದು ನಿಂತಿದ್ದ. ಹಾಡು ಮುಗಿದಾಗ, “ಇನ್ನೊಂದು ಸಲ ಹಾಕೋ” ಎಂದ.