89 ವರ್ಷ ಕೋಡಿ ಬೀಳದ ಮಾರಿಕಣಿವೆ

2022ರ ಸೆಪ್ಟೆಂಬರ್ 2ರಂದು ಮಾರಿಕಣಿವೆ ಕೋಡಿ ಬಿತ್ತು. ಹಿರಿಯೂರು ತಾಲ್ಲೂಕಿನ ಈ ವಾಣಿವಿಲಾಸ ಸಾಗರ ಅದಕ್ಕೂ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ನಡುವಿನ 89 ವರ್ಷಗಳಲ್ಲಿ ಹುಟ್ಟಿ, ಅದೇ ನೀರಿನಲ್ಲಿ ತೆಂಗು ಬೆಳೆಸಿ, ಮುಪ್ಪಾಗಿ ತೀರಿಹೋದ ಎಷ್ಟೋ ಮಂದಿ ಕೋಡಿಯ ಮೇಲೆ ನೀರು ಹರಿದದ್ದನ್ನು ನೋಡಲೇ ಇಲ್ಲ. ಹಾಗಾಗಿ ನೀರಿನ ಮಟ್ಟ 129 ಅಡಿ ದಾಟಿದ ಆ ದಿನಗಳಲ್ಲಿ ಜಿಲ್ಲೆಯ ಬಸ್ ನಿಲ್ದಾಣ, ಹೋಟೆಲು, ಕಚೇರಿ ಎಲ್ಲೆಲ್ಲೂ ಇಂಚಿನ ಲೆಕ್ಕದ್ದೇ ಮಾತು. ಇನ್ನೆಷ್ಟು ಬೇಕು, ನಾಳೆಗೆ ಆಗುತ್ತದಾ, ಮೇಲೆ ಮಳೆ ಹಿಡಿದಿದೆಯಾ? ಕೋಡಿ ಬಿದ್ದ ಸುದ್ದಿ ಹರಡಿದ್ದೇ ತಡ, ಊರೂರಿನಿಂದ ಜನ ಮಕ್ಕಳು ಮರಿ ಕಟ್ಟಿಕೊಂಡು ಬಂದರು.

ಎರಡೂವರೆ ವರ್ಷ ತುಂಬುವ ಮೊದಲೇ, 2025ರ ಜನವರಿಯಲ್ಲಿ, ಮತ್ತೆ ಕೋಡಿ. ಅದೂ ಬಯಲುಸೀಮೆಯಲ್ಲಿ ಮಳೆಯ ಹೆಸರೇ ಇಲ್ಲದ ಚಳಿಗಾಲದಲ್ಲಿ. ಸ್ವಲ್ಪ ಹಿಂದಕ್ಕೆ ಹೋದರೆ ಇನ್ನೊಂದು ಚಿತ್ರ ಇದೆ: 2017ರ ಸುಮಾರಿಗೆ ಇದೇ ಜಲಾಶಯ ಬಹುತೇಕ ತಳ ಕಂಡಿತ್ತು. ನಾಲೆಗೆ ನೀರಿಲ್ಲದೆ, ಬೋರ್‌ವೆಲ್‌ಗಳೂ ಕೈಕೊಟ್ಟು, ಹಿರಿಯೂರಿನ ಅಚ್ಚುಕಟ್ಟಿನಲ್ಲಿ ಕಾಯಿ ಬಿಡುತ್ತಿದ್ದ ತೆಂಗಿನ ಮರಗಳ ಸುಳಿ ಒಣಗಿ ತೋಟಕ್ಕೆ ತೋಟವೇ ಹೋಯಿತು. ತಳ ಕಂಡ ಕೆರೆ ಐದಾರು ವರ್ಷಗಳಲ್ಲಿ ತುಂಬಿ ತುಳುಕಿತು. ಕೇಳಿದರೆ ‘ಮಳೆ ಚೆನ್ನಾಗಿ ಆಯ್ತು’ ಅನ್ನುತ್ತಾರೆ. ಅದು ಸುಳ್ಳಲ್ಲ. ಆದರೆ 1933ರಿಂದ 2022ರವರೆಗೆ ಚೆನ್ನಾಗಿ ಮಳೆಯಾದ ವರ್ಷಗಳು ಬೇಕಾದಷ್ಟಿದ್ದವು. ಆಗೆಲ್ಲ ಯಾಕೆ ತುಂಬಲಿಲ್ಲ?

ಬಾಬಾಬುಡನ್‌ಗಿರಿಯ ಪೂರ್ವದ ಇಳಿಜಾರಿನಲ್ಲಿ ವೇದಾ, ಅವತಿ ಎಂಬ ಎರಡು ಹೊಳೆಗಳು ಹುಟ್ಟುತ್ತವೆ. ಒಂದು ಸಖರಾಯಪಟ್ಟಣದ ಅಯ್ಯನಕೆರೆಯನ್ನೂ ಇನ್ನೊಂದು ಮದಗದ ಕೆರೆಯನ್ನೂ ತುಂಬಿಸಿ, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಅಲ್ಲಿಂದ ಹೊಸದುರ್ಗದ ಬಯಲು ಹಾದು ಹಿರಿಯೂರಿನ ಹತ್ತಿರ ನದಿ ಎರಡು ಗುಡ್ಡಗಳ ನಡುವೆ ನುಸುಳುತ್ತದೆ. ಆ ಇಕ್ಕಟ್ಟಿನಲ್ಲೇ ಮೈಸೂರು ಸಂಸ್ಥಾನ 1898ರಲ್ಲಿ ಕಟ್ಟೆ ಹಾಕಲು ತೊಡಗಿ 1907ರಲ್ಲಿ ಮುಗಿಸಿತು. ಕೆಲಸ ಶುರುವಾದಾಗ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದ ಹೆಸರನ್ನೇ ಇಟ್ಟರು. ಪೂರ್ಣ ಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಟಿಎಂಸಿ. ಅಂದಿನ ಕಾಲಕ್ಕೆ ಎದೆಗಾರಿಕೆಯ ಕೆಲಸ. ಯಾಕೆ ಎದೆಗಾರಿಕೆ ಅನ್ನುತ್ತೇನೆಂದರೆ, ಈ ಕೆರೆ ತನ್ನ ನದಿಗಿಂತ ದೊಡ್ಡದು.

ಲೆಕ್ಕ ಹಾಕಿ ನೋಡಬಹುದು. ಕಟ್ಟೆಗೆ ನೀರು ಬಸಿಯುವ ಜಲಾನಯನ ಸುಮಾರು 5,370 ಚದರ ಕಿಲೋಮೀಟರ್. 30 ಟಿಎಂಸಿ ನೀರನ್ನು ಆ ನೆಲದ ಮೇಲೆ ಸಮನಾಗಿ ಹರಡಿದರೆ 16 ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ. ಅಂದರೆ ಬರಿದಾದ ಮಾರಿಕಣಿವೆ ಒಂದೇ ವರ್ಷದಲ್ಲಿ ತುಂಬಬೇಕಾದರೆ ಜಲಾನಯನದ ಒಂದೊಂದು ಗೇಣು ಜಾಗದಿಂದಲೂ 160 ಮಿಲಿಮೀಟರ್ ನೀರು ಹರಿದು ಬಂದು ಕಟ್ಟೆ ಮುಟ್ಟಬೇಕು. ಗಿರಿಶ್ರೇಣಿಯ ಅಂಚು ಬಿಟ್ಟರೆ ಈ ಪ್ರದೇಶದ ಬಹುಭಾಗದಲ್ಲಿ ವರ್ಷಕ್ಕೆ ಬೀಳುವ ಒಟ್ಟು ಮಳೆಯೇ 500-600 ಮಿಲಿಮೀಟರ್ ಆಸುಪಾಸು. ಅದರಲ್ಲಿ ಹಳ್ಳ ಸೇರುವುದು ಹತ್ತರಲ್ಲಿ ಒಂದು ಪಾಲಾದರೆ ಪುಣ್ಯ. ಎಂದಮೇಲೆ ಸಾಧಾರಣ ಮಳೆಯ ವರ್ಷಗಳು ಸಾಲಾಗಿ ಬಂದರೂ, ನಾಲೆಗೆ ಹನಿ ನೀರು ಬಿಡದೆ ಕಾದರೂ, ತುಂಬಲು ಮೂರು ನಾಲ್ಕು ವರ್ಷ ಬೇಕು. ನಾಲೆಗೆ ಬಿಡದೆ ಇರಲಾಗುತ್ತದೆಯೇ?

ಮಳೆಯೂ ಹರಿವೂ ಒಂದೇ ಅಳತೆಯಲ್ಲಿ ಏರಿಳಿಯುವುದಿಲ್ಲ. ಕಾದ ನೆಲ ಮೊದಲು ತನ್ನ ಬಾಯಾರಿಕೆ ತೀರಿಸಿಕೊಳ್ಳುತ್ತದೆ. ಆಮೇಲೆ ಬೆಳೆ, ಹುಲ್ಲು, ಗಿಡಮರ. ಅವೆಲ್ಲ ಕುಡಿದು ಉಳಿದದ್ದು ಮಾತ್ರ ಹರಿಯುತ್ತದೆ. ಆದ್ದರಿಂದ ಒಣಪ್ರದೇಶದಲ್ಲಿ ಮಳೆ ನೂರಕ್ಕೆ ಹತ್ತು ಕಡಿಮೆಯಾದರೆ ಹರಿವು ನೂರಕ್ಕೆ ಇಪ್ಪತ್ತು, ಮೂವತ್ತು ಕಡಿಮೆಯಾಗುತ್ತದೆ. ಹೆಚ್ಚಾದಾಗಲೂ ಹಾಗೆಯೇ. ತಿಂಗಳಿಡೀ ಜಿಟಿಜಿಟಿ ಹಿಡಿದ ಮಳೆಗೆ ಹೊಲ ಹಸಿರಾದರೂ ಹಳ್ಳಕ್ಕೆ ನೀರು ಬರುವುದಿಲ್ಲ. ಅದೇ ಮಳೆ ನೆಲ ನೆನೆದ ಮೇಲೆ ನಾಲ್ಕು ದಿನ ಒಂದೇ ಸಮ ಹೊಯ್ದರೆ ಹಳ್ಳಗಳೆಲ್ಲ ಕೆಂಪಾಗಿ ಉಕ್ಕುತ್ತವೆ. ‘ಮಳೆ ಆಯ್ತು, ಕೆರೆಗೆ ನೀರು ಬರಲಿಲ್ಲ’ ಎಂದು ರೈತರು ಹೇಳುವುದರ ಹಿಂದಿನ ಕಾರಣ ಇದು.

ಬಂದ ನೀರು ನಿಲ್ಲುವುದೂ ಕಷ್ಟವೇ. ಈ ಭಾಗದ ಬಿಸಿಲು, ಗಾಳಿಗೆ ತೆರೆದ ನೀರಿನಿಂದ ವರ್ಷಕ್ಕೆ ಐದಾರು ಅಡಿ ಆವಿಯಾಗಿ ಹೋಗುತ್ತದೆ. ಕೆರೆಯ ಮೇಲೆಯೇ ಬೀಳುವ ಮಳೆ ಎರಡು ಅಡಿಯಷ್ಟೂ ಇಲ್ಲ. ಒಬ್ಬರೂ ಮುಟ್ಟದಿದ್ದರೂ ವರ್ಷಕ್ಕೆ ಮೂರು ನಾಲ್ಕು ಅಡಿ ನಷ್ಟ ಖಾಯಂ. ತುಂಬಿದ ಕೆರೆ ಅಗಲವಾಗಿ ಹರಡಿಕೊಳ್ಳುವುದರಿಂದ ಅದರ ನಷ್ಟ ಟಿಎಂಸಿ ಲೆಕ್ಕದಲ್ಲಿ ಇನ್ನೂ ಹೆಚ್ಚು. ನೀರು ಕುಗ್ಗಿ ಕಣಿವೆಯ ತಳ ಸೇರಿದಂತೆ ನಷ್ಟವೂ ಕುಗ್ಗುತ್ತದೆ.

ಕಣಿವೆಯ ಆಕಾರವನ್ನು ಮರೆತು ಅಡಿಗಳನ್ನು ಮಾತ್ರ ಎಣಿಸಿದರೆ ಮೋಸ ಹೋಗುತ್ತೇವೆ. ತಳದಲ್ಲಿ ಕಣಿವೆ ಕಿರಿದು, ಮೇಲೇರಿದಂತೆ ವಿಶಾಲ. ಕೆಳಗಿನ ಅರ್ಧ ಎತ್ತರದಲ್ಲಿ ಹಿಡಿಯುವ ನೀರು ಒಟ್ಟು ನೀರಿನ ಹತ್ತರಲ್ಲೊಂದು ಪಾಲಿನ ಆಸುಪಾಸು. ಬರಿದಾದ ಕೆರೆಗೆ ಮೊದಲ ದೊಡ್ಡ ಮಳೆಯಲ್ಲೇ ಹತ್ತಿಪ್ಪತ್ತು ಅಡಿ ಬಂದಾಗ ಎಲ್ಲರೂ ಹಿಗ್ಗುತ್ತಾರೆ. 120 ದಾಟಿದ ಮೇಲೆ ಒಂದೊಂದು ಅಡಿಗೂ ವಾರಗಟ್ಟಲೆ ಕಾಯಬೇಕು. ಪತ್ರಿಕೆಯಲ್ಲಿ ಎರಡೂ ‘ಒಂದು ಅಡಿ ಏರಿಕೆ’ ಎಂದೇ ಅಚ್ಚಾಗುತ್ತದೆ.

ಇಳಿಯುವ ಕಾಲದಲ್ಲಿ ಹಿನ್ನೀರಿನ ಅಂಗಳಕ್ಕೆ ಹೋದರೆ ಇದನ್ನು ಕಾಲಡಿಯಲ್ಲೇ ಕಾಣಬಹುದು. ನೀರು ಹಿಂದೆ ಸರಿದ ಹಾಗೆಲ್ಲ ಬಂಡೆಗಳ ಮೇಲೆ ಬಿಳಿಚಿದ ಗೆರೆಗಳು ಒಂದರ ಕೆಳಗೊಂದು ಉಳಿಯುತ್ತವೆ. ಮೇಲಿನ ಗೆರೆಯ ಹತ್ತಿರ ಜಾಲಿ ಎದೆಯೆತ್ತರ ಬೆಳೆದಿರುತ್ತದೆ, ಅದರ ಕೆಳಗೆ ಒಡೆದ ಮಣ್ಣಿನ ಬಿಲ್ಲೆಗಳು, ಇನ್ನೂ ಕೆಳಗೆ ಕಾಲಿಟ್ಟರೆ ಹೂತುಹೋಗುವ ಹೂಳು. ಹೂಳಿನ ಹಸಿ ಆರುವ ಮೊದಲೇ ನೀರಿನ ಬೆನ್ನು ಹಿಡಿದು ಬಿತ್ತುತ್ತಾ ಹೋಗುವವರು ಇದ್ದಾರೆ. ಮೂವತ್ತು ನಲವತ್ತು ವರ್ಷ ಮುಳುಗದ ನೆಲದಲ್ಲಿ ತೋಟವಾಗಿದೆ, ಮನೆ ಎದ್ದಿದೆ. 2022ರಲ್ಲಿ ಕೆಳಗೆ ಹಿರಿಯೂರು ಬಾಗಿನದ ಸಂಭ್ರಮದಲ್ಲಿದ್ದಾಗ ಮೇಲೆ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹಳ್ಳಿಗಳವರು ಮುಳುಗಿದ ತೋಟಗಳನ್ನು ನೋಡುತ್ತಾ ನಿಂತಿದ್ದರು. ಅದು ಕೆರೆಯ ಜಾಗ ಎಂದು ದಾಖಲೆ ಹೇಳಬಹುದು. ಆದರೆ ಒಂದಿಡೀ ತಲೆಮಾರು ನೀರು ಕಾಣದ ಜಾಗವನ್ನು ಕೆರೆ ಎಂದು ನಂಬುವುದು ಯಾರಿಗೂ ಸುಲಭವಲ್ಲ. ಅವರನ್ನು ಒತ್ತುವರಿದಾರರು ಎಂದು ಒಂದೇ ಮಾತಿನಲ್ಲಿ ಜರೆಯುವುದು ನನಗೆ ಸರಿ ಕಾಣುವುದಿಲ್ಲ.

ಇಷ್ಟೂ ಪ್ರಕೃತಿಯ ಕಡೆಯ ಲೆಕ್ಕ. 89 ವರ್ಷಗಳ ಗುಟ್ಟಿನ ದೊಡ್ಡ ಪಾಲು ಕಟ್ಟೆಯಿಂದ ಮೇಲಕ್ಕೆ, ಕಡೂರು ಮತ್ತು ಹೊಸದುರ್ಗದ ನೆಲದಲ್ಲಿದೆ. ಕಟ್ಟೆ ಕಟ್ಟಿದ ಕಾಲದಲ್ಲಿ ಅಲ್ಲಿದ್ದದ್ದು ಹಳೆಯ ಕೆರೆಗಳು, ತೆರೆದ ಬಾವಿಗಳು. ಆಮೇಲೆ ಹಳ್ಳಹಳ್ಳಕ್ಕೂ ಚೆಕ್ ಡ್ಯಾಂ, ನದಿಗೆ ಬ್ಯಾರೇಜ್, ಹೊಲಕ್ಕೊಂದು ಕೃಷಿ ಹೊಂಡ ಬಂದವು. ಇವುಗಳಲ್ಲಿ ಒಂದನ್ನೂ ತಪ್ಪು ಎನ್ನಲಾಗದು. ಮೇಲಿನ ಊರಿನವರಿಗೂ ನೀರು ಬೇಕು. ಆದರೆ ಮೊದಲ ಮಳೆಗಳ ನೀರೆಲ್ಲ ಇವುಗಳ ಹೊಟ್ಟೆಗೇ ಹೋಗುತ್ತದೆ. ಅವು ತುಂಬಿ ಮಿಕ್ಕಿದರೆ ಕಟ್ಟೆಗೆ.

ಬೋರ್‌ವೆಲ್ ಮಾಡಿದ ಬದಲಾವಣೆ ಇದಕ್ಕಿಂತ ಆಳವಾದದ್ದು. ಅಂತರ್ಜಲ ಮೇಲಿದ್ದಾಗ ಅದು ಎರಡೂ ದಡಗಳಿಂದ ನದಿಗೆ ಒಸರುತ್ತಿತ್ತು. ಮಳೆ ನಿಂತ ಮೇಲೂ ವೇದಾವತಿಯ ಮರಳಿನಲ್ಲಿ ತಿಂಗಳುಗಟ್ಟಲೆ ನೀರಾಡುತ್ತಿದ್ದದ್ದು ಆ ಒಸರಿನಿಂದ. ನೂರಾರು ಅಡಿ ಕೊರೆದು ನೀರು ಎತ್ತತೊಡಗಿದ ಮೇಲೆ ಅಂತರ್ಜಲ ನದಿಯ ತಳಕ್ಕಿಂತ ಕೆಳಗಿಳಿಯಿತು. ಈಗ ಒಸರು ತಿರುಗುಮುರುಗಾಗಿದೆ: ಹೊಳೆಯಲ್ಲಿ ಬಂದ ನೀರನ್ನೇ ನೆಲ ಹೀರಿಕೊಳ್ಳುತ್ತದೆ. ಒಂದೇ ಪ್ರಮಾಣದ ಮಳೆಗೆ ಅಜ್ಜನ ಕಾಲದಲ್ಲಿ ಕಟ್ಟೆಗೆ ಬಂದಷ್ಟು ನೀರು ಮೊಮ್ಮಗನ ಕಾಲದಲ್ಲಿ ಬರುವುದಿಲ್ಲ. ಮಳೆಮಾಪಕ ಇದನ್ನು ತೋರಿಸುವುದಿಲ್ಲ.

ಕೆರೆಯ ಮಟ್ಟ ಓದುವುದರಲ್ಲಿ ದೊಡ್ಡ ದೊಡ್ಡವರೂ ಎಡವಿದ್ದಾರೆ. ಹೊರಹೋಗಲು ದಾರಿಯೇ ಇಲ್ಲದ ಕ್ಯಾಸ್ಪಿಯನ್ ಸಮುದ್ರ ನಿಜಕ್ಕೂ ಜಗತ್ತಿನ ಅತಿ ದೊಡ್ಡ ಸರೋವರ. ವೋಲ್ಗಾ ತರುವ ನೀರು ಮತ್ತು ಬಿಸಿಲು ಒಯ್ಯುವ ಆವಿ, ಇವೆರಡರ ತಕ್ಕಡಿಯಲ್ಲಿ ಅದರ ಮಟ್ಟ ತೂಗುತ್ತದೆ. 1930ರ ದಶಕದಲ್ಲಿ ಬೇಗ ಬೇಗ, ಆಮೇಲೆ ನಿಧಾನವಾಗಿ ಇಳಿಯುತ್ತಾ ಬಂದು 1977ರಲ್ಲಿ ಅದು ಆ ಶತಮಾನದ ಕನಿಷ್ಠ ಮಟ್ಟ ಮುಟ್ಟಿತು. ಸೋವಿಯತ್ ಸರ್ಕಾರ ಗಾಬರಿಯಾಯಿತು. ಕರಾ-ಬೊಗಾಝ್-ಗೋಲ್ ಎಂಬ ಕೊಲ್ಲಿಗೆ ಹರಿದು ಸುಮ್ಮನೆ ಆವಿಯಾಗುವ ನೀರನ್ನು ಉಳಿಸೋಣವೆಂದು 1980ರಲ್ಲಿ ಅದರ ಬಾಯಿಗೆ ಕಟ್ಟೆ ಹಾಕಿತು. ಆ ಹೊತ್ತಿಗಾಗಲೇ ಸಮುದ್ರ ಏರತೊಡಗಿತ್ತು. 1995ರವರೆಗೆ ಅದು ಸುಮಾರು ಎರಡೂವರೆ ಮೀಟರ್ ಏರಿ ದಡದ ಊರುಗಳಿಗೆ ನುಗ್ಗಿತು. ಕೊಲ್ಲಿ ಒಣಗಿ ಉಪ್ಪಿನ ಬಯಲಾಯಿತು. 1992ರಲ್ಲಿ ಆ ಕಟ್ಟೆಯನ್ನೇ ಒಡೆಯಬೇಕಾಯಿತು. ಈಗ ಮತ್ತೆ ಕ್ಯಾಸ್ಪಿಯನ್ ಇಳಿಯುತ್ತಿದೆ. ಹಿಂದಿನ ಹತ್ತು ವರ್ಷ ಹೇಗಿತ್ತೋ ಮುಂದಿನ ಹತ್ತೂ ಹಾಗೇ ಇರುತ್ತದೆಂದು ನಂಬಿದ್ದೇ ಅಲ್ಲಿ ಆದ ತಪ್ಪು.

ಮಾರಿಕಣಿವೆಯಲ್ಲಿ ಈಗ ನಾವೂ ಅಂಥದೇ ನಂಬಿಕೆಯ ಅಂಚಿನಲ್ಲಿದ್ದೇವೆ ಎಂಬುದು ನನ್ನ ಆತಂಕ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರಾ ನೀರನ್ನು ಪಂಪ್ ಮಾಡಿ, ಅಜ್ಜಂಪುರದ ಸುರಂಗ ದಾಟಿಸಿ ವೇದಾವತಿಗೆ ಬಿಡುತ್ತಿದ್ದಾರೆ. 2022ರ ಕೋಡಿಗೆ ಆ ವರ್ಷದ ಭಾರಿ ಮಳೆ ಕಾರಣ, ಅದಕ್ಕೂ ಹಿಂದಿನಿಂದ ಹರಿದು ಸೇರಿದ್ದ ಭದ್ರಾ ನೀರೂ ಕಾರಣ. 2023 ರಾಜ್ಯಕ್ಕೆ ಬರ ಬಂದ ವರ್ಷ. ಆದರೂ ಮಾರಿಕಣಿವೆ ಕಂಗೆಡಲಿಲ್ಲ, ಹಿಂದಿನ ವರ್ಷದ ಕೂಡಿಟ್ಟ ನೀರಿತ್ತು. 2024ರ ಮಳೆ ಮತ್ತು ಪಂಪ್ ಮಾಡಿದ ನೀರು ಸೇರಿ 2025ರ ಜನವರಿಯ ಕೋಡಿಯಾಯಿತು. ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಗಳಿಗೆ ಕುಡಿಯುವ ನೀರು ಇಲ್ಲಿಂದಲೇ ಹೋಗುತ್ತದೆ. ಆ ದೃಷ್ಟಿಯಿಂದ ಇದು ನಿಜವಾದ ನೆಮ್ಮದಿ, ಬೇಡ ಎನ್ನಲು ನನಗೆ ಮನಸ್ಸಿಲ್ಲ.

ಆದರೆ ಭದ್ರೆಯೂ ಅದೇ ಮುಂಗಾರನ್ನು ನಂಬಿದ ನದಿ. 2023ರಲ್ಲಿ ಭದ್ರಾ ಜಲಾಶಯ ತುಂಬಲಿಲ್ಲ. ದಾವಣಗೆರೆ ಭಾಗದ ಭತ್ತದ ರೈತರು ನಾಲೆ ನೀರಿಗಾಗಿ ಬೀದಿಗಿಳಿದರು. ಮುಂಗಾರು ಎರಡು ಮೂರು ವರ್ಷ ಒಂದೇ ಸಮನೆ ಕೈಕೊಟ್ಟರೆ ವೇದಾವತಿಯ ಹರಿವೂ ಭದ್ರಾ ಪಂಪೂ ಒಟ್ಟಿಗೇ ಸೊರಗುತ್ತವೆ. ಅಂಥ ಕಾಲದಲ್ಲಿ ತಾವು ಬೆಳೆದ ಬೆಳೆ ಬಿಟ್ಟು ಮಾರಿಕಣಿವೆಗೆ ನೀರು ಕೊಡಿ ಎಂದು ಭದ್ರಾ ಅಚ್ಚುಕಟ್ಟಿನವರನ್ನು ಕೇಳುವುದು ಹೇಗೆ?

ಆದ್ದರಿಂದ ಜಲಾಶಯದ ಇಂದಿನ ಮಟ್ಟ ಇಷ್ಟು ಅಡಿ ಎಂದು ಪ್ರಕಟಿಸಿದರೆ ಸಾಲದು. ವೇದಾವತಿಯಿಂದ ತಾನಾಗಿ ಬಂದ ನೀರೆಷ್ಟು, ಭದ್ರಾದಿಂದ ತಂದ ನೀರೆಷ್ಟು, ನಾಲೆಗೂ ಊರುಗಳಿಗೂ ಹೋದದ್ದೆಷ್ಟು, ಆವಿಯಾದದ್ದೆಷ್ಟು ಎಂಬ ಲೆಕ್ಕ ಬೇರೆಬೇರೆಯಾಗಿ ಪ್ರತಿ ತಿಂಗಳೂ ಜನರ ಕೈಗೆ ಸಿಗಬೇಕು. ಇದು ಇಂಜಿನಿಯರುಗಳಿಗಿಂತ ಹೆಚ್ಚಾಗಿ ಬೇಕಿರುವುದು ತೋಟ ಕಟ್ಟುವವರಿಗೆ. ಎರಡು ಬಾರಿ ಕೋಡಿ ಬಿದ್ದದ್ದನ್ನು ಕಂಡ ಧೈರ್ಯದಲ್ಲಿ ಈ ಭಾಗದಲ್ಲಿ ಅಡಿಕೆ ಸಸಿ ನೆಡುವವರು ಹೆಚ್ಚುತ್ತಿದ್ದಾರೆ. ಅಡಿಕೆ ಫಲಕ್ಕೆ ಬರಲು ಐದಾರು ವರ್ಷ ಬೇಕು, ಆಮೇಲೆ ದಶಕಗಳ ಕಾಲ ಒಂದು ಬೇಸಿಗೆಯೂ ತಪ್ಪದೆ ನೀರು ಕೇಳುತ್ತದೆ. ಗುಂಡಿ ತೆಗೆಯುವ ಮೊದಲು 2025ರ 130 ಅಡಿಯ ಪಕ್ಕದಲ್ಲಿ 2017ರ ಮಟ್ಟವನ್ನೂ ಬರೆದುಕೊಂಡು, ಆ ಬೇಸಿಗೆಯಲ್ಲಿ ತೆಂಗು ಕಳೆದುಕೊಂಡ ಪಕ್ಕದ ತೋಟದವರನ್ನು ಒಂದು ಮಾತು ಕೇಳಿ ಬರುವುದು ಒಳ್ಳೆಯದು.