ದೂರವೊಂದು, ಕಾಲವೆರಡು

ಬೆಂಗಳೂರಿನ ಕೆಂಪೇಗೌಡ ವಿಮಾನನಿಲ್ದಾಣದಿಂದ ಮಂಗಳೂರಿನ ಬಜಪೆಗೆ ಆಕಾಶಮಾರ್ಗವಾಗಿ ಸುಮಾರು 300 ಕಿಲೋಮೀಟರು. ಟಿಕೆಟ್ಟು ತೋರಿಸುವ ಪ್ರಯಾಣಕಾಲ ಒಂದು ಗಂಟೆಯ ಆಸುಪಾಸು. ಈ ಲೆಕ್ಕವನ್ನೇ ಹಿಡಿದು, 1,700 ಕಿಲೋಮೀಟರು ದೂರದ ದೆಹಲಿಗೆ ಐದೂವರೆ ಗಂಟೆಗೂ ಮೇಲೆ ಬೇಕಾದೀತೆಂದು ತ್ರೈರಾಶಿ ಹಾಕುವವನು ಮೋಸಹೋಗುವನು. ಅಲ್ಲಿಗೆ ಸಾಮಾನ್ಯವಾಗಿ ಮೂರು ಗಂಟೆ ತುಂಬುವ ಮೊದಲೇ ತಲಪುವುದುಂಟು. ಟಿಕೆಟ್ಟಿನ ಕಾಲವು ಕೇವಲ ಹಾರಾಟದ ಕಾಲವಲ್ಲ. ವಿಮಾನವನ್ನು ಅದರ ತಾಣದಿಂದ ಹಿಂದಕ್ಕೆ ದೂಡುವ ಕ್ಷಣದಿಂದ ಮೊದಲ್ಗೊಂಡು, ರನ್‌ವೇಯ ಬಾಯಲ್ಲಿ ತನ್ನ ಸರದಿಗಾಗಿ ಅದು ಕಾಯುವ ನಿಮಿಷಗಳನ್ನೂ ಒಳಗೊಂಡು, ಆಚೆಯ ನಿಲ್ದಾಣದಲ್ಲಿ ಅದು ಪೂರ್ಣವಾಗಿ ನಿಲ್ಲುವವರೆಗಿನ ಸಮಸ್ತವೂ ಆ ಅಂಕಿಯಲ್ಲಿ ಅಡಕವಾಗಿದೆ. ಮಂಗಳೂರಿನ ವಿಮಾನವಂತೂ ಏರಿ ಮುಗಿಯಿತೆನ್ನುವಷ್ಟರಲ್ಲಿಯೇ ಘಟ್ಟದ ಮೇಲೆ ಇಳಿಯಲು ತೊಡಗುತ್ತದೆ. ಗಂಟೆಗೆ ಸುಮಾರು 900 ಕಿಲೋಮೀಟರಿನ ಪೂರ್ಣವೇಗವನ್ನು ಅನುಭವಿಸುವ ಅವಕಾಶವೇ ಅದಕ್ಕಿಲ್ಲ.

ದೂರದ ಪಯಣಗಳಲ್ಲಿ ವಿಷಯವು ಇನ್ನಷ್ಟು ಸ್ವಾರಸ್ಯಕರವಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋಗೂ ಬೆಂಗಳೂರಿಗೂ ನಡುವಣ ಕನಿಷ್ಠ ದೂರ ಸುಮಾರು 14,000 ಕಿಲೋಮೀಟರು. ಶಾಲೆಯ ಗೋಡೆಯ ನಕ್ಷೆಯನ್ನು ನಂಬಿ ಬೆಳೆದ ನಮಗೆ ಈ ದಾರಿಯು ಪೆಸಿಫಿಕ್ ಸಾಗರವನ್ನು ನೇರವಾಗಿ ಅಡ್ಡಹಾಯುವುದೆಂದು ತೋರುವುದು ಸಹಜ. ಆದರೆ ಭೂಗೋಳದ ಮೇಲೆ ದಾರವೊಂದನ್ನು ಬಿಗಿಯಾಗಿ ಎಳೆದು ನೋಡಿದರೆ, ಅದು ಉತ್ತರಕ್ಕೆ ಏರಿ, ಸೈಬೀರಿಯದ ಹಿಮಪ್ರದೇಶವನ್ನು ಮುಟ್ಟಿ, 71ನೆಯ ಅಕ್ಷಾಂಶದ ಸಮೀಪದಲ್ಲಿ ತಿರುಗಿ ಇಳಿಯುತ್ತದೆ. ಗೋಲದ ಮೇಲಿನ ಹ್ರಸ್ವಮಾರ್ಗವನ್ನು ಚಪ್ಪಟೆ ಕಾಗದವು ಬಾಗಿಸಿ ತೋರಿಸುವುದೇ ಈ ಭ್ರಾಂತಿಗೆ ಕಾರಣ.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು ಬೆಂಗಳೂರಿಗೆ ಎಲ್ಲಿಯೂ ನಿಲ್ಲದೆ ಬಂದ ಏರ್ ಇಂಡಿಯಾದ ಪ್ರಥಮ ವಿಮಾನವನ್ನು, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳೆಯರೇ ಆದ ಚಾಲಕವೃಂದವು ಉತ್ತರ ಧ್ರುವದ ಮೇಲಿನಿಂದಲೇ ನಡೆಸಿತು. ಹ್ರಸ್ವಮಾರ್ಗವನ್ನು ಬಿಟ್ಟು ನೇರ ಧ್ರುವಕ್ಕೇರಿ ಇಳಿದರೂ ಗಣಿತದ ಪ್ರಕಾರ ಹೆಚ್ಚುವುದು 400 ಕಿಲೋಮೀಟರಿಗಿಂತ ಕಡಿಮೆ. ಅದಕ್ಕೆ ಪ್ರತಿಯಾಗಿ ಎದುರುಗಾಳಿಯ ಬಾಧೆ ತಗ್ಗುವುದಾದರೆ ಅದು ನಷ್ಟದ ವ್ಯಾಪಾರವೇನಲ್ಲ. ಹತ್ತು ಕಿಲೋಮೀಟರಿನ ಆಸುಪಾಸಿನ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಪ್ರವಾಹವೆಂಬ ವಾಯುವಾಹಿನಿಯು ಚಳಿಗಾಲದಲ್ಲಿ ಕೆಲವೊಮ್ಮೆ ಗಂಟೆಗೆ 300 ಕಿಲೋಮೀಟರನ್ನೂ ಮೀರುವುದುಂಟು. ಅದಕ್ಕೆ ಎದುರಾಗಿ ಹೋಗುವವನಿಗೆ ಇಂಧನವೂ ಕಾಲವೂ ವ್ಯಯ. ಬೆನ್ನಿಗೆ ಪಡೆದವನಿಗೆ ಎರಡೂ ಉಳಿತಾಯ. ಆದಕಾರಣ ಅಮೆರಿಕದಿಂದ ಬರುವಾಗ ಹದಿನೇಳು ಗಂಟೆ ಮೀರುತ್ತಿದ್ದ ಪ್ರಯಾಣವು, ಇಲ್ಲಿಂದ ಪೂರ್ವಾಭಿಮುಖವಾಗಿ ಪೆಸಿಫಿಕ್ಕನ್ನು ದಾಟಿ ಹೋಗುವಾಗ ಹದಿನಾರರ ಸುಮಾರಿಗೆ ಇಳಿಯುತ್ತಿತ್ತು.

ಆ ಪ್ರಥಮ ವಿಮಾನವು ಬೆಂಗಳೂರಿಗೆ ಇಳಿದದ್ದು ಜನವರಿ 11ರ ನಸುಕಿನಲ್ಲಿ. ನಡುವಣ ಹತ್ತನೆಯ ತಾರೀಕು ಪ್ರಯಾಣಿಕರ ಪಾಲಿಗೆ ಬಹುಮಟ್ಟಿಗೆ ಇಲ್ಲವಾದದ್ದಕ್ಕೆ ಗಾಳಿಯನ್ನು ದೂರುವಂತಿಲ್ಲ. ಅವೆರಡು ಊರುಗಳ ಗಡಿಯಾರಗಳ ನಡುವೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಗಳ ಅಂತರವಿದೆ.